ದೊಡ್ಡಪ್ಪನ ಸಹಿ

ನವೆಂಬರ್ ಬಂತೆಂದರೆ ದೊಡ್ಡಪ್ಪನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಪಿಂಚಣಿ ತಗೊಳ್ಳುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ತೋರಿಸಬೇಕಲ್ವಾ, ಅದಕ್ಕೆ. 2024ರಲ್ಲೂ ಹೋದೆವು. ದೊಡ್ಡಪ್ಪನಿಗೆ ಆಗ 76. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಹಾಕಿದ ಬೂಟು, ಕಂಕುಳಲ್ಲಿ ಕಾಗದಗಳ ಚೀಲ.

ಕೌಂಟರಿನಲ್ಲಿದ್ದ ಹುಡುಗಿ ಬೆರಳಚ್ಚಿನ ಮಶೀನ್ ಮುಂದಿಟ್ಟಳು. ದೊಡ್ಡಪ್ಪ ಹೆಬ್ಬೆಟ್ಟು ಒತ್ತಿದರು. ಆಗಲಿಲ್ಲ. "ಅಜ್ಜಾರೆ, ಇನ್ನೊಂದ್ಸಲ ಒತ್ರಿ." ಒರೆಸಿ ಒತ್ತಿದರು. ಎಡಗೈ, ಬಲಗೈ, ತೋರುಬೆರಳು, ಎಲ್ಲ ಆಯಿತು. ಮಿಲಿಟರಿಯಲ್ಲೂ ಊರಲ್ಲೂ ಜೀವನವಿಡೀ ಸ್ಟೇರಿಂಗ್ ಹಿಡಿದ ಕೈ ಅದು. ಬೆರಳಿನ ಗೆರೆಗಳೇ ಸವೆದುಹೋಗಿವೆ. ಹಿಂದೆ ನಿಂತವರು ಗೊಣಗತೊಡಗಿದರು. "ಮ್ಯಾಚ್ ಆಗ್ತಿಲ್ಲ, ನಾಳೆ ಬರ್ರಿ" ಅಂದಳು ಹುಡುಗಿ.

ದೊಡ್ಡಪ್ಪ ಮೆಲ್ಲಗೆ ಕೇಳಿದರು, "ಸಹಿ ಹಾಕ್ತೀನಲ್ಲವ್ವಾ, ಸಾಲದೇನು?"

ಆ ಮಾತು ಕೇಳಿ ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಯಾಕೆಂದರೆ ನಮ್ಮ ಮನೆಯಲ್ಲಿ ಅವರು ಬದುಕಿದ್ದಾರೆ ಅಂತ ಗೊತ್ತಾಗಿದ್ದೇ ಅವರ ಸಹಿಯಿಂದ.

1971ರ ಡಿಸೆಂಬರಿನಲ್ಲಿ ದೊಡ್ಡಪ್ಪ ಆರ್ಟಿಲರಿಯಲ್ಲಿ, ಅಂದರೆ ಫಿರಂಗಿ ದಳದಲ್ಲಿ, ಡ್ರೈವರ್. ಜಮ್ಮುವಿನ ಛಂಬ್ ಎಂಬಲ್ಲಿದ್ದರು. ಯುದ್ಧ ಶುರುವಾಗಿದ್ದು 3ನೇ ತಾರೀಖು. ಪಾಕಿಸ್ತಾನದವರು ಅಲ್ಲಿ ಜೋರಾಗಿ ನುಗ್ಗಿ, ನಮ್ಮವರು ಮನಾವರ್ ತಾವಿ ನದಿ ದಾಟಿ ಈಚೆ ಬರಬೇಕಾಯಿತು. ಶೆಲ್ ತುಂಬಿದ್ದ ದೊಡ್ಡಪ್ಪನ ಗಾಡಿ ಆಚೆ ದಡದಲ್ಲೇ ಉಳಿಯಿತು. ಕಾಲಿಗೆ ಚೂರು ಹೊಕ್ಕಿತ್ತು. ಬೆಳಕಾದಾಗ ಸುತ್ತ ಇದ್ದವರು ಬೇರೆಯವರು. ಸೆರೆ ಸಿಕ್ಕರು ಅಂದ ಕೂಡಲೇ ಕೈ ಎತ್ತಿ ಶರಣಾದರು ಅಂದುಕೊಳ್ಳುವವರು ಈಗಲೂ ಇದ್ದಾರೆ. ಕಾಲು ಎತ್ತಲಾಗದೆ ಬಿದ್ದವನಿಗೆ ಶರಣಾಗುವ ಮಾತೆಲ್ಲಿ ಬಂತು? ಈ ವಿಷಯಕ್ಕೆ ನಾನು ಮದುವೆ ಮನೆಗಳಲ್ಲಿ ಜಗಳವನ್ನೂ ಆಡಿದ್ದೇನೆ.

ಯುದ್ಧಕೈದಿ ಹೇಳಬೇಕಾದದ್ದು ನಾಲ್ಕೇ ಸಂಗತಿ. ಹೆಸರು, ರ್‍ಯಾಂಕು, ಹುಟ್ಟಿದ ದಿನ, ಸೈನ್ಯದ ನಂಬರು. ಜಿನೀವಾ ಒಪ್ಪಂದದಲ್ಲೇ ಹಾಗಿದೆ. ದೊಡ್ಡಪ್ಪನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಂಬರು ಇವತ್ತಿಗೂ ತಪ್ಪುವುದಿಲ್ಲ. ಅದಕ್ಕಿಂತ ಹೆಚ್ಚಿಗೆ ಏನೇನು ಕೇಳಿದರು, ಹೇಗೆ ಕೇಳಿದರು ಅನ್ನುವಲ್ಲಿಗೆ ಬಂದರೆ ಮಾತು ನಿಲ್ಲಿಸಿ ಚಹಾ ಕೇಳುತ್ತಾರೆ. ನಾವೂ ಕೆದಕುವುದಿಲ್ಲ. ಪಾಕಿಸ್ತಾನದ ಲಾಯಲ್‌ಪುರದಲ್ಲಿ ಅವರನ್ನಿಟ್ಟಿದ್ದ ಜೈಲಿನ ಬಗ್ಗೆ ಅವರು ತಾವಾಗಿ ಹೇಳುವುದು ಒಂದೇ. ಅಲ್ಲಿ ಕನ್ನಡ ಆಡಲು ಜೊತೆಗೆ ಯಾರೂ ಇರಲಿಲ್ಲವಂತೆ. ರಾತ್ರಿ ಗೋಡೆ ಕಡೆ ತಿರುಗಿ ಮಲಗಿ, ಹಳೇಪೇಟೆಯಿಂದ ದುಗ್ಗಮ್ಮನ ಗುಡಿವರೆಗೆ ದಾರಿಯಲ್ಲಿ ಬರುವ ಒಂದೊಂದು ಮನೆಯ ಯಜಮಾನರ ಹೆಸರನ್ನೂ ಬಾಯಲ್ಲಿ ಹೇಳಿಕೊಳ್ಳುತ್ತಿದ್ದರಂತೆ.

ದಾವಣಗೆರೆಗೆ ಬಂದಿದ್ದು ಮಾತ್ರ 'ಕಾಣೆಯಾಗಿದ್ದಾರೆ' ಎಂಬ ಟೆಲಿಗ್ರಾಂ. ನಮ್ಮ ಕಡೆ ಯುದ್ಧಕೈದಿ ಅಂದರೆ ಎಲ್ಲರಿಗೂ ನೆನಪಾಗುವುದು ಕಾರ್ಯಪ್ಪನವರ ಮಗ. 1965ರಲ್ಲಿ ಅವರ ವಿಮಾನ ಬಿದ್ದು ಸೆರೆಯಾದಾಗ ಪಾಕಿಸ್ತಾನದ ರೇಡಿಯೋ ತಾನೇ ಸುದ್ದಿ ಹೇಳಿತ್ತು. ಬಿಟ್ಟುಕೊಡುತ್ತೇವೆ ಎಂದು ಅಯೂಬ್ ಖಾನ್ ಹೇಳಿ ಕಳಿಸಿದರೆ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಇವನೊಬ್ಬನಿಗೆ ಬೇರೆ ಮರ್ಯಾದೆ ಬೇಡ ಅಂದ ದೊಡ್ಡ ಮನುಷ್ಯರು ಕಾರ್ಯಪ್ಪ. ಆದರೆ ಮಿಲ್ಲಿನಲ್ಲಿ ದುಡಿಯುವವರ ಮಗನ ಸುದ್ದಿಯನ್ನು ಯಾವ ರೇಡಿಯೋ ಹೇಳೀತು? ಅಜ್ಜಿ ಮೂರು ತಿಂಗಳು ಏನೂ ತಿಳಿಯದೆ ಕಳೆದಳು.

ಯುಗಾದಿ ಹತ್ತಿರ ಬಂದಾಗ, ಸೆರೆಯಾದವರು ಮನೆಗೆ ಸುದ್ದಿ ಕಳಿಸುವ ಒಂದು ಕಾರ್ಡು ಬಂತು. ಅಂಗೈ ಅಗಲದ್ದು, ಪೂರ್ತಿ ಇಂಗ್ಲಿಷು. ಅಜ್ಜ ಅದನ್ನು ಹಿಡಿದುಕೊಂಡು ಮಿಲ್ಲಿನ ಗುಮಾಸ್ತರ ಹತ್ತಿರ ಓಡಿದರು. ಆ ಕಾರ್ಡನ್ನು ನಾನು ಎಷ್ಟು ಸಲ ನೋಡಿದ್ದೇನೋ. ಆರೋಗ್ಯವಾಗಿದ್ದೇನೆ, ಗಾಯವಾಗಿಲ್ಲ, ಸಣ್ಣ ಗಾಯ, ದೊಡ್ಡ ಗಾಯ ಅಂತ ಸಾಲಾಗಿ ಅಚ್ಚಾಗಿರುತ್ತದೆ. ಬೇಡವಾದದ್ದನ್ನು ಹೊಡೆದುಹಾಕಬೇಕು. ಬೇರೆ ಒಂದಕ್ಷರವನ್ನೂ ಬರೆಯುವಂತಿಲ್ಲ. ದೊಡ್ಡಪ್ಪ 'ಸಣ್ಣ ಗಾಯ' ಒಂದನ್ನು ಉಳಿಸಿ ಮಿಕ್ಕದ್ದನ್ನು ಹೊಡೆದಿದ್ದರು. ಸಣ್ಣದೇನಲ್ಲ, ಆ ಕಾಲನ್ನು ಈಗಲೂ ಎಳೆದೇ ನಡೆಯುತ್ತಾರೆ.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಗುಮಾಸ್ತರು ಹೇಳಿದ್ದನ್ನು ಅವಳು ನಂಬಲಿಲ್ಲವಂತೆ. ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದು ಕೆಳಗಿನ ಮೂಲೆಯನ್ನೇ ನೋಡಿದಳು. ಅಲ್ಲಿ ಕನ್ನಡದ ಸಹಿ. ದೊಡ್ಡಪ್ಪನ ಹೆಸರಿನ ಕೊನೆಯ 'ಪ್ಪ'ದ ಒತ್ತಿನಿಂದ ಒಂದು ಗೆರೆ ಹೊರಟು, ಹೆಸರಿನ ಕೆಳಗೆಲ್ಲ ಹಾದು, ಮೊದಲ ಅಕ್ಷರದ ಹತ್ತಿರ ಕೊಕ್ಕೆಯಾಗಿ ಮೇಲಕ್ಕೆ ಏಳುತ್ತದೆ. ತಿಂಗಳು ತಿಂಗಳು ಮನಿಯಾರ್ಡರ್ ಚೀಟಿಯಲ್ಲಿ ಆ ಕೊಕ್ಕೆ ನೋಡಿದ್ದವಳು ಅವಳು. "ಇದು ನಮ್ ಹುಡುಗಂದೇ" ಅಂದು ಅಲ್ಲೇ ಹೊಸ್ತಿಲ ಮೇಲೆ ಕುಂತುಬಿಟ್ಟಳಂತೆ.

1972ರ ಡಿಸೆಂಬರ್ 1ರಂದು ವಾಘಾದಲ್ಲಿ ಆರುನೂರಕ್ಕೂ ಹೆಚ್ಚು ನಮ್ಮವರು ಗಡಿ ದಾಟಿ ಬಂದರು. ದೊಡ್ಡಪ್ಪನೂ ಅವರಲ್ಲೊಬ್ಬರು. ಆ ಯುದ್ಧಕ್ಕೆ ಹೋದ 54 ಜನ ಇವತ್ತಿಗೂ ಕಾಣೆಯಾದವರ ಪಟ್ಟಿಯಲ್ಲೇ ಇದ್ದಾರೆ. ಆ ಪಟ್ಟಿಯ ಸುದ್ದಿ ಪೇಪರಿನಲ್ಲಿ ಬಂದ ದಿನ ದೊಡ್ಡಪ್ಪ ಊಟ ಸರಿಯಾಗಿ ಮಾಡುವುದಿಲ್ಲ. ಅವರ ತಾಯಂದಿರಿಗೆ ಕಾರ್ಡೇ ಬರಲಿಲ್ಲ.

ಬ್ಯಾಂಕಿನ ಹುಡುಗಿಯದೇನೂ ತಪ್ಪಿಲ್ಲ. ಅವಳೇ ಹೊರಗೆ ಬಂದು, ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು ಅಂತ ಹೇಳಿಕೊಟ್ಟಳು. ಬೇವಿನ ಮರದ ಕೆಳಗೆ ಬೆಂಚಿನ ಮೇಲೆ ಕೂರಿಸಿ ಫೋನ್ ಹಿಡಿದೆ. "ಕಣ್ಣು ಮಿಟುಕಿಸ್ರಿ ದೊಡ್ಡಪ್ಪ." ಅವರು ಪರೇಡಿನಲ್ಲಿ ನಿಂತವರ ಹಾಗೆ ಎದೆ ಸೆಟೆಸಿ, ಕಣ್ಣು ಬಿಟ್ಟುಕೊಂಡೇ ಇದ್ದರು. ಮೂರನೇ ಸಲಕ್ಕೆ ಮಿಟುಕಿಸಿದರು. ಮೆಸೇಜ್ ಬಂತು.

"ಆಯ್ತು, ನಡೀರಿ" ಅಂದೆ.

"ಕಾಗದ ಎಲ್ಲಿ?"

ಕಾಗದ ಬೇಕಿಲ್ಲ ಅಂದರೂ ಕೇಳಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಮನೆಗೆ ಬಂದವರೇ ಬೂಟು ಸಹ ಬಿಚ್ಚದೆ ಅಜ್ಜಿಯ ಟ್ರಂಕಿನ ಮುಂದೆ ಕುಂತರು. ಕಾರ್ಡು ಅದರಲ್ಲೇ ಇದೆ, ಅಜ್ಜಿಯ ಸೀರೆಯ ಮಡಿಕೆಯಲ್ಲಿ. ನನ್ನ ಜೇಬಿನಿಂದ ಪೆನ್ನು ಇಸಿದುಕೊಂಡು, ಪ್ರಿಂಟನ್ನು ಟ್ರಂಕಿನ ಮುಚ್ಚಳದ ಮೇಲೆ ಹರಡಿ, ಕೆಳಗಿನ ಖಾಲಿ ಜಾಗದಲ್ಲಿ ನಿಧಾನಕ್ಕೆ ಸಹಿ ಹಾಕಿದರು. ಕೈ ಸ್ವಲ್ಪ ನಡುಗಿತು. ಒತ್ತಿನಿಂದ ಹೊರಟ ಗೆರೆ ಹೆಸರಿನ ಕೆಳಗೆ ಹಾದು ಬಂದು ಕೊಕ್ಕೆಯಾಯಿತು.