ಡ್ರೊಂಬೆಗ್‌ನ ತೊಟ್ಟಿ

ಐರ್ಲೆಂಡಿನ ಕಾರ್ಕ್‌ನಲ್ಲಿ ಮನೆ ಮಾಡಿರುವುದರಿಂದ ಬಂದ ನೆಂಟರನ್ನೆಲ್ಲ ಗ್ಲ್ಯಾಂಡೋರ್ ಹತ್ತಿರದ ಡ್ರೊಂಬೆಗ್‌ಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಹುಲ್ಲಿನ ನಡುವೆ ಒಂಬತ್ತು ಮೀಟರ್‌ಗೆ ತುಸು ಮಿಕ್ಕಿದ ಅಗಲದ ಕಲ್ಲಿನ ವೃತ್ತ, ಅದರಾಚೆ ಹೊಲ, ಅದರಾಚೆ ಕಡಲು. ಮೊದಲಿದ್ದ 17 ಕಲ್ಲುಗಳಲ್ಲಿ 13 ಉಳಿದಿವೆ. ಈಶಾನ್ಯಕ್ಕೆ ಎತ್ತರದ ಎರಡು ಕಲ್ಲುಗಳು, ಎದುರು ನೈರುತ್ಯದಲ್ಲಿ ಅಡ್ಡ ಮಲಗಿದ ಒಂದು. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಆ ಮಲಗಿದ ಕಲ್ಲಿನ ನೇರಕ್ಕೆ ಮುಳುಗುತ್ತಾನೆ, ಮೋಡ ದಯೆ ತೋರಿದರೆ. ಊರವರ ಬಾಯಲ್ಲಿ ಇದು ಡ್ರೂಯಿಡರ, ಅಂದರೆ ಹಿಂದಿನ ಸೆಲ್ಟ್ ಜನರ ಪುರೋಹಿತರ, ಬಲಿಪೀಠ. ನೆಂಟರಿಗೆ ಅದು ಬಹಳ ಇಷ್ಟ. ಕಟ್ಟಿದವರು ಅವರಿಗಿಂತ ಹಿಂದಿನ ಕಂಚಿನ ಯುಗದವರು ಎಂದರೆ ಯಾರೂ ಕಿವಿಗೊಡುವುದಿಲ್ಲ.

ಅವರು ಫೋಟೊ ತೆಗೆಯುತ್ತಿರುವಾಗ ನಾನು ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ನಡೆದು ಅಡುಗೆಯ ಜಾಗಕ್ಕೆ ಹೋಗುತ್ತೇನೆ. ಒಲೆ, ಬಾವಿ, ನೀರಿನ ತೊಟ್ಟಿ, ಪಕ್ಕದಲ್ಲಿ ಗುಡಿಸಲಿನ ತಳಪಾಯ: ಎಲ್ಲವೂ ಕೈಗೆಟಕುವಷ್ಟು ಹತ್ತಿರ. ಅಡುಗೆ ಮಾಡುವವರೇ ಯೋಜಿಸಿದ್ದು ಎನಿಸುತ್ತದೆ. 1957–58ರಲ್ಲಿ ಎಡ್ವರ್ಡ್ ಫಾಹಿ ಇಲ್ಲಿ ಉತ್ಖನನ ನಡೆಸಿದರು. ವೃತ್ತದ ನಡುವೆ ಮಡಕೆಯಲ್ಲಿ ಮನುಷ್ಯರ ಸುಟ್ಟ ಮೂಳೆ ಸಿಕ್ಕಿತು. ಬೆಂಕಿಯಲ್ಲಿ ಕಾಯಿಸಿದ ಕಲ್ಲುಗಳನ್ನು ಇಳಿಬಿಟ್ಟು ನೋಡಿದಾಗ ತೊಟ್ಟಿಯ ಸುಮಾರು 300 ಲೀಟರ್ ನೀರು 18 ನಿಮಿಷದಲ್ಲಿ ಕುದಿಯಿತು! ನನ್ನ ವಿದ್ಯುತ್ ಒಲೆಗೆ ಆ ಶಕ್ತಿಯಿಲ್ಲ.

ಇಂಥ ಅಡುಗೆಯ ಜಾಗಗಳು ಐರ್ಲೆಂಡಿನಲ್ಲಿ ಸಾವಿರಾರು ಇವೆ. ಇಲ್ಲಿನವರು ಫುಲಖ್ತ್ ಫಿಯಾ ಎನ್ನುತ್ತಾರೆ. ಕಾದು ತಣ್ಣೀರಿಗೆ ಬಿದ್ದ ಕಲ್ಲು ಸಿಡಿಯುತ್ತದೆ. ಚೂರುಗಳನ್ನು ಬದಿಗೆ ಎಸೆದು ಎಸೆದು ಕುದುರೆ ಲಾಳದಾಕಾರದ ದಿಬ್ಬವಾಗುತ್ತದೆ. 1950ರ ದಶಕದಲ್ಲಿ ಪುರಾತತ್ವದ ಪ್ರೊಫೆಸರ್ ಮೈಕೆಲ್ ಓ'ಕೆಲ್ಲಿ ಇದೇ ಜಿಲ್ಲೆಯ ಬ್ಯಾಲಿವೋರ್ನಿಯಲ್ಲಿ ಹುಲ್ಲು ಸುತ್ತಿದ ಕುರಿ ತೊಡೆಯನ್ನು ಹೀಗೆಯೇ ಬೇಯಿಸಿದರು. ಹಿಡಿದ ಸಮಯ ಮೂರು ತಾಸು ನಲವತ್ತು ನಿಮಿಷ. ಮಾಂಸ ತಿನ್ನದ ನಾನು ಕೂಡ ಈ ಲೆಕ್ಕವನ್ನು ಗೌರವದಿಂದ ನೆನೆಯುತ್ತೇನೆ.

ಅಡುಗೆಯಲ್ಲ, ಅದು ಸ್ನಾನಕ್ಕೆ ಎನ್ನುವ ವಿದ್ವಾಂಸರಿದ್ದಾರೆ. ಬಿಯರ್ ತಯಾರಿಸಲು, ಉಣ್ಣೆಗೆ ಬಣ್ಣ ಹಾಕಲು ಎನ್ನುವವರೂ ಇದ್ದಾರೆ. ನಮ್ಮ ಮಲೆನಾಡಿನ ಮನೆಯಲ್ಲಿ ಬಚ್ಚಲ ಹಂಡೆಯ ಒಲೆಯಲ್ಲೇ ಹಲಸಿನ ಬೀಜ ಸುಡುತ್ತಿದ್ದರು. ಅಷ್ಟೊಂದು ಬಿಸಿನೀರು ಕಾಯಿಸಿ ಒಂದೇ ಕೆಲಸಕ್ಕೆ ಬಳಸುವಷ್ಟು ದಡ್ಡರು ಈ ಕಲ್ಲು ನಿಲ್ಲಿಸಿದವರಾಗಿರಲಿಕ್ಕಿಲ್ಲ.