65 ವರ್ಷದ ನೆನಪು
‘ದಡಾರ ತಾನೇ, ಬಂದು ಹೋಗಲಿ ಬಿಡಿ, ಮಗು ಗಟ್ಟಿಯಾಗುತ್ತೆ.’ ಇವತ್ತೂ ಈ ಮಾತು ಕಿವಿಗೆ ಬಿತ್ತು. ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ 1781ರಲ್ಲಿ ದಡಾರ ಬಂದಿತ್ತು. ಆಮೇಲೆ 65 ವರ್ಷ ಅದರ ಸುಳಿವೇ ಇರಲಿಲ್ಲ. 1846ರಲ್ಲಿ ಮತ್ತೆ ಬಂದಾಗ ಸುಮಾರು 7,800 ಜನರಲ್ಲಿ 6,000 ಜನ ಹಾಸಿಗೆ ಹಿಡಿದರು. ಡೆನ್ಮಾರ್ಕ್‌ನಿಂದ ಬಂದ ಯುವ ಡಾಕ್ಟರ್ ಪೀಟರ್ ಪಾನುಮ್ ಊರೂರು ಸುತ್ತಿ ವಿಚಾರಿಸಿದರು. ಹಿಂದೆ ಚಿಕ್ಕಂದಿನಲ್ಲಿ ದಡಾರ ಆಗಿದ್ದ ಮುದುಕರಲ್ಲಿ ಒಬ್ಬರಿಗೂ ಅದು ಮರುಕಳಿಸಿರಲಿಲ್ಲ! ಆಗ ತಪ್ಪಿಸಿಕೊಂಡಿದ್ದ ಮುದುಕರಿಗೆ ಮಾತ್ರ ಈಗ ಬಂದಿತ್ತು.

ದೇಹದ ನೆನಪು ಎಂಥದ್ದು, ಅಲ್ವಾ? ಒಮ್ಮೆ ಕಂಡ ವೈರಸ್ಸಿನ ಗುರುತನ್ನು ಕೆಲವು ಬಿಳಿ ರಕ್ತಕಣಗಳು ಇಟ್ಟುಕೊಳ್ಳುತ್ತವೆ. ಅದು ಮತ್ತೆ ಬಂದರೆ, ಅದನ್ನು ತಡೆಯುವ ಪ್ರತಿಕಾಯಗಳು ಬೇಗ, ಜಾಸ್ತಿ ತಯಾರಾಗುತ್ತವೆ. ಲಸಿಕೆಯಲ್ಲಿರುವುದು ಬಲ ತಗ್ಗಿಸಿದ ದಡಾರದ ವೈರಸ್ಸೇ. ಕಾಯಿಲೆ ಬೀಳದೆಯೇ ಆ ಗುರುತು ಸಿಗುತ್ತದೆ.

ನಿಜವಾದ ದಡಾರ ಹಾಗಲ್ಲ. ತನ್ನ ಗುರುತು ಉಳಿಸಿ, ಬೇರೆ ರೋಗಗಳ ಬಗ್ಗೆ ದೇಹಕ್ಕಿದ್ದ ಎಷ್ಟೋ ನೆನಪನ್ನು ಅಳಿಸಿಬಿಡುತ್ತದೆ. ಇನ್ನೆಲ್ಲಿ ಗಟ್ಟಿಯಾಗುವುದು?

ಲಸಿಕೆಯ ಮೊದಲ ಡೋಸ್ 9 ತಿಂಗಳಿಗೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ. ದಯವಿಟ್ಟು ಎರಡನ್ನೂ ಹಾಕಿಸಿ.