ಫ್ರಾಂಕ್ಲಿನ್ ಗಣಿಯ ಹೊಳೆಯುವ ಕಲ್ಲುಗಳನ್ನು ಆರಿಸುವುದು ಹೇಗೆ

ನ್ಯೂಜೆರ್ಸಿಯ ಫ್ರಾಂಕ್ಲಿನ್ ಸತುವಿನ ಗಣಿ 1954ರಲ್ಲಿ ಮುಚ್ಚಿತು, ಹತ್ತಿರದ ಸ್ಟರ್ಲಿಂಗ್ ಹಿಲ್ 1986ರಲ್ಲಿ. ಇವೆರಡರಲ್ಲಿ ಸಿಕ್ಕ ಖನಿಜಗಳು 350ಕ್ಕೂ ಹೆಚ್ಚು. ನೇರಳಾತೀತ ಬೆಳಕಿಗೆ ಹೊಳೆಯುವ ಕಲ್ಲುಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ನನ್ನ ಪ್ರಕಾರ ಇನ್ನೊಂದಿಲ್ಲ. ಅದೇ ರಾಜ್ಯದ ಎಡಿಸನ್ ಊರಿನ ಕಡೆಯ ಕನ್ನಡಿಗರು ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ ಬರಬಹುದು.

ಹಳೆಯ ಸುರಂಗಕ್ಕೆ ಇಳಿಯುವ ಮಾತೇ ಬೇಡ. ಆಸರೆಯ ಮರ ಕೊಳೆತಿರುತ್ತದೆ, ಆಮ್ಲಜನಕ ಕಡಿಮೆಯಾದ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಹುಡುಕಬೇಕಾದದ್ದು ಗಣಿಯವರು ಹೊರಗೆ ಸುರಿದ ಕಲ್ಲುರಾಶಿಯಲ್ಲಿ. ಫ್ರಾಂಕ್ಲಿನ್ ಖನಿಜ ಮ್ಯೂಸಿಯಂಗೆ ಹಣ ಕಟ್ಟಿದರೆ ಅಂಥದೇ ಒಂದು ರಾಶಿಯಾದ ಬಕ್‌ವೀಟ್ ಡಂಪ್‌ನಲ್ಲಿ ಆರಿಸಿಕೊಳ್ಳಲು ಬಿಡುತ್ತಾರೆ.

ಮುಖ್ಯವಾದದ್ದು ದೀಪ. ಅಗ್ಗಕ್ಕೆ ಸಿಗುವ 365 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಟಾರ್ಚ್ ಇಲ್ಲಿ ಸಾಲದು, 254 ನ್ಯಾನೋಮೀಟರಿನದ್ದೇ ಬೇಕು. ಅದರಡಿ ಸತುವಿನ ಖನಿಜವಾದ ವಿಲ್ಲೆಮೈಟ್ ಕಣ್ಣು ಕುಕ್ಕುವ ಹಸಿರು, ಕ್ಯಾಲ್ಸೈಟ್ ಕೆಂಡದಂಥ ಕಿತ್ತಳೆಗೆಂಪು. ಎರಡರಲ್ಲೂ ಹೊಳೆಯುವುದು ಮ್ಯಾಂಗನೀಸೇ. ಅದು ಕೂತ ಹರಳಿನ ರಚನೆ ಬೇರೆಯಾದ್ದರಿಂದ ಬಣ್ಣ ಬೇರೆ. ಕ್ಯಾಲ್ಸೈಟ್‌ಗೆ ಚೂರು ಸೀಸದ ನೆರವೂ ಬೇಕು. ನಡುವೆ ಕಪ್ಪು ಕಾಳಿನಂತೆ ಉಳಿಯುವುದು ಹೊಳೆಯದ ಖನಿಜ ಫ್ರಾಂಕ್ಲಿನೈಟ್. ಹಗಲಲ್ಲಿ ದಪ್ಪ ಕಪ್ಪು ಬಟ್ಟೆ ಹೊದ್ದು ನೋಡಬೇಕು. 254ರ ಬೆಳಕು ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ, ಪಾಲಿಕಾರ್ಬೊನೇಟ್ ಕನ್ನಡಕ ತೆಗೆಯಬೇಡಿ.

ಹೊಸಬರು ಮೋಸಹೋಗುವುದು ನೇರಳೆ ಬಣ್ಣದಲ್ಲಿ. ದೀಪದ ಮುಂದಿನ ಫಿಲ್ಟರ್ ಮೂಲಕ ಸ್ವಲ್ಪ ನೇರಳೆ ಬೆಳಕು ಸೋರುತ್ತದೆ. ಬಿಳಿ ಕಲ್ಲು ಅದನ್ನು ಪ್ರತಿಫಲಿಸಿದರೆ ನೇರಳೆಯಾಗಿ ಹೊಳೆಯುವ ಅಪರೂಪದ ಖನಿಜ ಹಾರ್ಡಿಸ್ಟೋನೈಟ್ ಸಿಕ್ಕಿತೆಂದು ಚೀಲಕ್ಕೆ ಹಾಕಿಬಿಡುತ್ತಾರೆ. ದೀಪಕ್ಕೂ ಕಲ್ಲಿಗೂ ನಡುವೆ ಮಾಮೂಲಿ ಗಾಜು ಹಿಡಿಯಿರಿ. ಗಾಜು 254 ಅನ್ನು ತಡೆಯುತ್ತದೆ, ನೇರಳೆಯನ್ನು ಬಿಡುತ್ತದೆ. ಆಮೇಲೂ ಬಣ್ಣ ಹಾಗೇ ಉಳಿದರೆ ಅದು ಬರೀ ಪ್ರತಿಫಲನ.

ಸುತ್ತಿಗೆ ಒಂದೂವರೆ ಕಿಲೋದ ಕಲ್ಲೊಡೆಯುವ ಸುತ್ತಿಗೆಯೇ ಆಗಿರಲಿ. ಬಡಗಿಯ ಸುತ್ತಿಗೆಯಿಂದ ಉಳಿ ಹೊಡೆದರೆ ಉಕ್ಕಿನ ಚೂರು ಸಿಡಿಯುತ್ತದೆ. ಕ್ಯಾಲ್ಸೈಟ್ ಮೂರು ದಿಕ್ಕಿನಲ್ಲಿ ಸಲೀಸಾಗಿ ಸೀಳುವುದರಿಂದ ಹೊಳೆಯುವ ಭಾಗದ ಹತ್ತಿರ ಏಟು ಬಿದ್ದರೆ ಮಾದರಿ ಪುಡಿ. ಅನುಮಾನವಿದ್ದರೆ ಒಡೆಯದೆ ತನ್ನಿ.

ತೊಳೆಯಲು ನೀರು, ಹಳೆಯ ಟೂತ್‌ಬ್ರಷ್, ಅಷ್ಟೇ. ವಿನೆಗರ್ ಕ್ಯಾಲ್ಸೈಟನ್ನು ತಿನ್ನುತ್ತದೆ. ತುಕ್ಕಿನ ಕಲೆಗೆಂದು ಆಕ್ಸಾಲಿಕ್ ಆಮ್ಲ ಹಾಕಿದರೆ ಕ್ಯಾಲ್ಸೈಟ್ ಮೇಲೆ ಬಿಳಿ ಪೊರೆ ಕೂರುತ್ತದೆ. ಬಟ್ಟೆ ಒಗೆಯುವ ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಕಾಣಲೆಂದು ಹಾಕುವ ಹೊಳಪುಕಾರಕ ತಾನೇ ನೀಲಿಯಾಗಿ ಹೊಳೆದು ದಾರಿ ತಪ್ಪಿಸುತ್ತದೆ.

ಒಣಗಿದ ದಿನವೇ ಹಿಂಬದಿಗೆ ಬಿಳಿ ಬಣ್ಣದ ಚುಕ್ಕೆಯಿಟ್ಟು, ಕಪ್ಪು ಶಾಯಿಯಲ್ಲಿ ಸಂಖ್ಯೆ ಬರೆಯಿರಿ. ಪುಸ್ತಕದಲ್ಲಿ ಅದೇ ಸಂಖ್ಯೆಯ ಎದುರು: ಬಕ್‌ವೀಟ್ ಡಂಪ್, ಫ್ರಾಂಕ್ಲಿನ್, ಸಸೆಕ್ಸ್ ಕೌಂಟಿ, ನ್ಯೂಜೆರ್ಸಿ, ತಾರೀಖು. ಸ್ಟರ್ಲಿಂಗ್ ಹಿಲ್‌ನ ಹಸಿರು-ಕೆಂಪು ಕಲ್ಲು ಇದರಂತೆಯೇ ಕಾಣುತ್ತದೆ. ಒಮ್ಮೆ ಬೆರೆತರೆ ಪಳಗಿದವರಿಗೂ ಬೇರ್ಪಡಿಸುವುದು ಕಷ್ಟ. ಊರಿನ ಗುರುತು ಕಳೆದುಕೊಂಡ ಮಾದರಿಯನ್ನು ಗಂಭೀರ ಸಂಗ್ರಾಹಕರು ಕೊಳ್ಳುವುದಿಲ್ಲ. ಗಾಜಿನ ಬೀರುವಿನಲ್ಲಿ ಇಡುವುದಾದರೆ ದೀಪವನ್ನು ಒಳಗೇ ಕೂರಿಸಿ. ಹೊರಗಿನಿಂದ ಎಷ್ಟು ಬೆಳಗಿದರೂ ಗಾಜು ದಾಟಿ 254 ಒಳಗೆ ಹೋಗದು.